ಪ್ರೆಡ್ನಿಸೊಲೋನ್ ಅಸಿಟೇಟ್ 1% ಕಣ್ಣಿನ ಹನಿ: ಸ್ಕ್ಲೆರೈಟಿಸ್‌ಗೆ ಸಾಕೇ?

ಹಾಲಿನ ಬಣ್ಣದ ಈ ಸ್ಟಿರಾಯ್ಡ್ ಹನಿಯಲ್ಲಿ ಔಷಧದ ಕಣಗಳು ತಳದಲ್ಲಿ ಕೂರುತ್ತವೆ. ಚೆನ್ನಾಗಿ ಕುಲುಕದಿದ್ದರೆ ಬರೀ ನೀರು ಬಿಟ್ಟುಕೊಂಡಂತೆ. ಕಣ್ಣಿನ ಬಿಳಿಭಾಗದ ಮೇಲ್ಪದರದ ಕೆಂಪಿಗೆ, ಅಂದರೆ ಎಪಿಸ್ಕ್ಲೆರೈಟಿಸ್‌ಗೆ, ಒಳ್ಳೆಯ ಮದ್ದು. ಬಿಳಿ ಪದರದಲ್ಲೇ ಆಳವಾಗಿ ಉರಿಯೂತವಾಗುವ, ನಿದ್ದೆಗೆಡಿಸುವ, ಹಣೆ-ದವಡೆಗೆ ಹರಡುವ ನೋವಿನ ಸ್ಕ್ಲೆರೈಟಿಸ್‌ಗೆ ಮಾತ್ರ ಇದೊಂದೇ ಸಾಲದು. ವೈದ್ಯರು ಮೇಲ್ಪದರದ ರಕ್ತನಾಳ ಕುಗ್ಗಿಸುವ ಫಿನೈಲೆಫ್ರಿನ್ ಹನಿ ಹಾಕಿದರೂ ಕೆಂಪು ಇಳಿಯದಿದ್ದರೆ ಉರಿಯೂತ ಆಳದಲ್ಲಿದೆ ಎಂದೇ ಅನುಮಾನ. ಗಂಟು ಕಟ್ಟುವ ಅಥವಾ ಹರಡಿದ ಬಗೆಗೆ, ಹೊಟ್ಟೆ ಮತ್ತು ಮೂತ್ರಪಿಂಡ ಸರಿಯಿದ್ದರೆ, ಇಂಡೊಮೆಥಾಸಿನ್‌ನಂಥ ನೋವು-ಉರಿಯೂತ ಇಳಿಸುವ ಗುಳಿಗೆ ಮೊದಲು. ಪದರವೇ ಕರಗುವ ನೆಕ್ರೊಟೈಸಿಂಗ್ ಬಗೆಯಲ್ಲಿ ಹನಿ ನಂಬಿ ಕೂತರೆ ಕಣ್ಣೇ ಹೋದೀತು. ಅಲ್ಲಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 1 ಮಿ.ಗ್ರಾಂ ಪ್ರೆಡ್ನಿಸೊಲೋನ್ ಗುಳಿಗೆ, ಜೊತೆಗೆ ಮೆಥೊಟ್ರೆಕ್ಸೇಟ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಬೇಕಾಗುತ್ತದೆ. ಸ್ಟಿರಾಯ್ಡ್ ಕಣ್ಣಿನ ಒತ್ತಡ ಏರಿಸಬಹುದಾದ್ದರಿಂದ, ವಾರಗಟ್ಟಲೆ ಹನಿ ಬಳಸುವವರು ಅದನ್ನು ಅಳೆಸಿಕೊಳ್ಳಲೇಬೇಕು.