ಬೆಟ್ಟದ ಧರ್ಮಕೇಂದ್ರದ ಯೆಜ್ಡಿಯೂ ಮೈಸೂರಿನ ಹಳೆಯ ಗ್ಯಾರೇಜೂ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನಿಂದ ನಡೆದೇ ಹೋಗಬಹುದಾದಷ್ಟು ದೂರದ ಒಂದು ಅಡ್ಡರಸ್ತೆಯಲ್ಲಿ ಜಾವಾ ಮತ್ತು ಯೆಜ್ಡಿ ಬೈಕುಗಳನ್ನಷ್ಟೇ ರಿಪೇರಿ ಮಾಡುವ ಹಳೆಯ ಗ್ಯಾರೇಜೊಂದಿದೆ. ಬಾಗಿಲ ಮೇಲೆ ಬೋರ್ಡಿಲ್ಲ; ಗೋಡೆಗೆ ಒರಗಿಸಿದ ಪೆಟ್ರೋಲ್ ಟ್ಯಾಂಕುಗಳೇ ಗುರುತು. ನನಗಿಂತ ಮೊದಲು ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ, ಇದ್ದ ಗುರುಗಳು (ಪಾದ್ರಿಗಳು) ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಕಳೆದ ಮಳೆಗಾಲಕ್ಕೆ ಮುಂಚೆ ಅಲ್ಲಿ ಪೂರ್ತಿ ಬಿಚ್ಚಿಸಿ, ಇಂಜಿನ್ ಕೆಲಸ ಮಾಡಿಸಿಕೊಂಡೆ. ದೂರದ ಊರುಗಳಲ್ಲಿ ಸೇವೆಯಲ್ಲಿರುವ ಗುರುಗಳಿಗೂ ಧರ್ಮಬೋಧನೆ ಮಾಡುವ ಉಪದೇಶಿಗಳಿಗೂ ಉಪಯೋಗವಾಗಲೆಂದು ಆ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಿಷಪ್ಪರ ಆಡಳಿತಕ್ಕೆ ಸೇರಿದ ನಮ್ಮ ಮೈಸೂರು ಧರ್ಮಪ್ರಾಂತ್ಯವು ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳಷ್ಟು ವಿಸ್ತಾರವಾದುದು. ನಾನಿರುವುದು ಕೊಳ್ಳೇಗಾಲ, ಹನೂರು ದಾಟಿದ ಮೇಲೆ, ಮಲೆ ಮಹದೇಶ್ವರ ಬೆಟ್ಟದ ಸಾಲು ಕಣ್ಣಿಗೆ ಬೀಳುವ ಕಡೆ. ನಾನು ಪೂಜೆಗೆ ಹೋಗಬೇಕಾದ ನಾಲ್ಕು ಉಪಕೇಂದ್ರಗಳಲ್ಲಿ ಎರಡಕ್ಕೆ ಮಾತ್ರ ಬಸ್ಸಿದೆ, ಅದೂ ಸಂಜೆಯಾದ ಮೇಲೆ ಇಲ್ಲ. ಉಳಿದೆರಡಕ್ಕೆ ಹೋಗುವ ದಾರಿ ಜಲ್ಲಿ ಕಿತ್ತುಹೋದ ಕಾಡಂಚಿನ ದಾರಿ. ಮಳೆ ಬಂದರೆ ಹಳ್ಳ ಇಳಿಯುವವರೆಗೆ ಕಾಯಬೇಕು, ಕತ್ತಲಾದರೆ ಆನೆಯ ಭಯ. ಜೀಪು ಒಳ್ಳೆಯದೇ, ಆದರೆ ಕೊಳ್ಳುವ ಮತ್ತು ಸಾಕುವ ಶಕ್ತಿ ನಮ್ಮಂಥ ಸಣ್ಣ ಧರ್ಮಕೇಂದ್ರಕ್ಕಿಲ್ಲ. ಹೀಗಾಗಿ ಎಲ್ಲಿ ಕೆಟ್ಟು ನಿಲ್ಲುತ್ತದೆಯೋ ಅಲ್ಲಿಯೇ ಕೈಯಿಂದ ಸರಿಮಾಡಿಕೊಳ್ಳಬಹುದಾದ ಗಾಡಿಯೇ ನಮಗೆ ಬೇಕು, ಮತ್ತು ಅದನ್ನು ಸರಿಮಾಡುವುದನ್ನು ಹೇಳಿಕೊಡುವವರೂ ಬೇಕು.

ನನ್ನ ಬೈಕಿನ ತೊಂದರೆ ವಿಚಿತ್ರವಾಗಿತ್ತು. ಏರು ಹತ್ತುವಾಗ ಚೆನ್ನಾಗಿಯೇ ಓಡುತ್ತಿದ್ದ ಗಾಡಿ ಎರಡು ಸಲ ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಹಿಡಿದುಕೊಂಡು, ಹಿಂದಿನ ಚಕ್ರ ಎಳೆದಾಡಿ ನಿಂತಿತ್ತು. ಬೇರೆ ಕಡೆ ತೋರಿಸಿದಾಗ ಪಿಸ್ಟನ್ ಬದಲಾಯಿಸಿ ಕಳುಹಿಸಿದರೇ ಹೊರತು ಕಾರಣ ಹೇಳಿರಲಿಲ್ಲ. ಇಲ್ಲಿನ ಮೇಸ್ತ್ರಿಗಳು ಸ್ಪ್ಯಾನರ್ ಮುಟ್ಟುವ ಮೊದಲೇ, "ಘಾಟಿ ಇಳಿಯುವಾಗ ಎಕ್ಸಿಲೇಟರ್ ಪೂರ್ತಿ ಬಿಟ್ಟುಬಿಡ್ತೀರಾ ಫಾದರ್?" ಎಂದು ಕೇಳಿದರು. ಹೌದೆಂದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೆ ಆಯಿಲ್ ತಲುಪುವುದು ಪೆಟ್ರೋಲಿನ ಜೊತೆಗೇ ಆದ್ದರಿಂದ, ಗೇರಿನಲ್ಲಿಟ್ಟು ಎಕ್ಸಿಲೇಟರ್ ಮುಚ್ಚಿ ಉದ್ದಕ್ಕೆ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ಹೋಗುವುದಿಲ್ಲ. ಬಿಸಿಯಾದ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದಿಷ್ಟು ರೇಸ್ ಕೊಡಬೇಕು, ಲೀಟರಿಗೆ 40 ಮಿಲಿ ಆಯಿಲನ್ನು ಅಳತೆ ಮಾಡಿಯೇ ಹಾಕಬೇಕು ಎಂದರು. ನಂತರ ಸಿಲಿಂಡರ್ ಬಿಚ್ಚಿ, ಹಳೆಯ ಪಿಸ್ಟನ್ನಿನ ಮೈಮೇಲೆ ಉದ್ದಕ್ಕೆ ಎದ್ದಿದ್ದ ಗೀರುಗಳ ಮೇಲೆ ನನ್ನ ಬೆರಳನ್ನೇ ಹಿಡಿದು ಆಡಿಸಿದರು. ಮೂರು ವರ್ಷದಿಂದ ಗಾಡಿಯ ಮೇಲೆ ಹೊರಿಸಿದ್ದ ತಪ್ಪು ನನ್ನ ಅಭ್ಯಾಸದ್ದೆಂದು ತಿಳಿದದ್ದು ಆಗ.

ಮೇಸ್ತ್ರಿಗಳು ಈ ಬೈಕುಗಳನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1960ರಲ್ಲಿ ಹುಟ್ಟಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅವರ ಕೈ ಆ ಕೆಲಸವನ್ನು ಮರೆತಿಲ್ಲ. ಸಿಲಿಂಡರ್ ಬೋರ್ (ಒಳಮೈ ಕೊರೆದು ಸರಿಮಾಡುವುದು), ಹೊಸ ಪಿಸ್ಟನ್, ಕ್ಲಚ್ ಪ್ಲೇಟ್, ಎರಡೂ ಸೈಲೆನ್ಸರಿನ ಮಸಿ ತೆಗೆಯುವುದು, ವೈರಿಂಗ್ ಎಲ್ಲ ಸೇರಿ 18,500 ರೂಪಾಯಿ ಆಯಿತು. ಬದಲಾಯಿಸಿದ ಒಂದೊಂದು ಹಳೆಯ ಬಿಡಿಭಾಗವನ್ನೂ ಚೀಲದಲ್ಲಿ ಕಟ್ಟಿ ಕೈಗೆ ಕೊಟ್ಟರು. ಹಿಂದಿನ ಕ್ಯಾರಿಯರಿನ ಮೇಲೆ ಪೂಜಾ ಪೆಟ್ಟಿಗೆಯ ಅಳತೆಗೆ ಸರಿಯಾಗಿ ಒಂದು ಕಟ್ಟು ಮಾಡಿ, ಒಳಗೆ ಹಳೆಯ ಟ್ಯೂಬಿನ ರಬ್ಬರ್ ಹೊಲಿದುಕೊಟ್ಟದ್ದು ನಾನು ಕೇಳದೆಯೇ ಆದ ಕೆಲಸ. ಈಗ ಪೂಜಾಪಾತ್ರೆ ದಾರಿಯುದ್ದಕ್ಕೂ ಗಲಗಲ ಎನ್ನುವುದಿಲ್ಲ.

ರಿಪೇರಿಯ ಮಾತು ಇಷ್ಟು ಬೆಳೆಯಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. 1925ರಲ್ಲಿ ಆಟೊ ಫೂರ್ಮಾನ್ ಎಂಬ ಮಿಷನರಿ ಆಫ್ರಿಕಾದಲ್ಲಿ ಮಲೇರಿಯಾ ಹಿಡಿದು, ಸಕಾಲಕ್ಕೆ ಆಸ್ಪತ್ರೆ ಸೇರಲಾಗದೆ ತೀರಿಕೊಂಡರು. ಆ ನೋವಿನಿಂದಲೇ ಅವರ ಗೆಳೆಯ, ಜರ್ಮನಿಯ ಗುರು ಪಾಲ್ ಶುಲ್ಟೆ, 1927ರಲ್ಲಿ ಮಿಷನರಿಗಳಿಗೆ ವಾಹನ ಒದಗಿಸುವ ಮಿವಾ ಸಂಸ್ಥೆಯನ್ನು ಕಟ್ಟಿದರು. ಮುಂದೆ 1938ರಲ್ಲಿ, ಕೆನಡಾದ ಉತ್ತರದ ಹಿಮಪ್ರದೇಶದ ಆರ್ಕ್‌ಟಿಕ್ ಬೇ ಎಂಬಲ್ಲಿ ಕಾಯಿಲೆ ಬಿದ್ದಿದ್ದ ಇನ್ನೊಬ್ಬ ಗುರುವನ್ನು ತಾವೇ ವಿಮಾನ ನಡೆಸಿಕೊಂಡು ಹೋಗಿ ಕರೆತಂದರು. ನಮ್ಮ ಬೆಟ್ಟದ ಕೆಲವು ಪೋಡುಗಳಿಂದ (ಬುಡಕಟ್ಟು ಜನರ ಹಾಡಿಗಳಿಂದ) ರೋಗಿಗಳನ್ನು ಈಗಲೂ ಡೋಲಿಯಲ್ಲಿ ಹೊತ್ತು ತರುವುದನ್ನು ಕಂಡವನಿಗೆ ಆ ಕಥೆ ಹಳೆಯದೆನಿಸುವುದಿಲ್ಲ.

ಗ್ಯಾರೇಜಿನ ಕೊರತೆಗಳನ್ನೂ ಹೇಳಲೇಬೇಕು. ಹತ್ತು ದಿನವೆಂದು ಒಪ್ಪಿಕೊಂಡ ಕೆಲಸಕ್ಕೆ ಇಪ್ಪತ್ಮೂರು ದಿನ ಹಿಡಿಯಿತು. ಬೋರ್ ಕೆಲಸವನ್ನು ಹೊರಗಿನ ಲೇತಿಗೆ ಕಳುಹಿಸುವುದರಿಂದ ತಡವಾಯಿತೆಂದು ನಂತರ ತಿಳಿಯಿತು, ಆದರೆ ಅದನ್ನು ಮೊದಲೇ ಹೇಳಿದ್ದರೆ ಎರಡು ಭಾನುವಾರ ನಾನು ಬೇರೆಯವರ ಬೈಕಿಗಾಗಿ ಅಂಗಲಾಚಬೇಕಾಗಿರಲಿಲ್ಲ. ಫೋನ್ ಮಾಡಿದರೆ ಎತ್ತುವುದು ಅಪರೂಪ. ಬಿಲ್ಲು ಬಿಳಿಯ ಹಾಳೆಯ ಮೇಲಿನ ಬರಹ. ಧರ್ಮಕೇಂದ್ರದ ಲೆಕ್ಕಕ್ಕೆ ಸರಿಯಾದ ರಸೀದಿ ಬೇಕೆಂದರೆ ಒತ್ತಾಯಿಸಿ ಕೇಳಬೇಕು.

ಆದರೂ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ. ಗಾಡಿ ಒಪ್ಪಿಸುವ ದಿನ ಮೇಸ್ತ್ರಿಗಳು ನನ್ನನ್ನು ನೆಲದ ಮೇಲೆ ಕೂರಿಸಿ, ಪ್ಲಗ್ ಬಿಚ್ಚಿ ಒರೆಸುವುದು, ಪಾಯಿಂಟ್ ಉಜ್ಜುವುದು, ಕ್ಲಚ್ ಕೇಬಲ್ ಬದಲಾಯಿಸುವುದು ಇಷ್ಟನ್ನೂ ನನ್ನ ಕೈಯಿಂದಲೇ ಎರಡೆರಡು ಸಲ ಮಾಡಿಸಿದರು. ಓಡುತ್ತಿರುವ ಕೇಬಲ್ಲಿನ ಪಕ್ಕದಲ್ಲಿಯೇ ಇನ್ನೊಂದು ಹೊಸ ಕೇಬಲ್ಲನ್ನು ಟ್ಯಾಂಕಿನ ಕೆಳಗಿನಿಂದ ಹಾಯಿಸಿ ಕಟ್ಟಿಟ್ಟರು. ಎರಡು ತಿಂಗಳ ನಂತರ, ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರಿಗೆ ಅಭ್ಯಂಗ ಸಂಸ್ಕಾರ (ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ವಿಧಿ) ಕೊಡಲು ಹೋಗುತ್ತಿದ್ದಾಗ ಹಳೆಯ ಕೇಬಲ್ ಹಳ್ಳದ ದಿಣ್ಣೆಯ ಮೇಲೆ ಕಡಿಯಿತು. ಬ್ಯಾಟರಿ ಬೆಳಕನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಪಕ್ಕದ ಕೇಬಲ್ಲಿನ ತುದಿಗಳನ್ನು ಸಿಕ್ಕಿಸಿ ಹೊರಡಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಅಜ್ಜಿ ಇನ್ನೂ ಮಾತನಾಡುತ್ತಿದ್ದರು. ಏಕೆ ತಡವಾಯಿತೆಂದು ಅವರೇ ಕೇಳಿದರು.

ಹೋಗುವವರು ಶುಕ್ರವಾರ ಬಿಟ್ಟು ಹೋಗಬೇಕು, ಅಂದು ಗ್ಯಾರೇಜಿಗೆ ರಜೆ. ಇಂಜಿನ್ ಕೆಲಸವಿದ್ದರೆ ಮಳೆಗಾಲಕ್ಕೆ ಒಂದು ತಿಂಗಳು ಮೊದಲೇ ಗಾಡಿ ಬಿಡುವುದು ಒಳ್ಳೆಯದು, ಮತ್ತು ಬಿಡಿಭಾಗಗಳ ಪಟ್ಟಿಯನ್ನು ಅವರ ಕೈಯಲ್ಲಿಯೇ ಮೊದಲು ಬರೆಸಿಕೊಳ್ಳಬೇಕು.