ಐದು ವರ್ಷದ ಸಿಡಿ ಅನುಭವ: ಬಡ್ಡಿ ದರಕ್ಕಿಂತ ಮೊದಲು ರಿನ್ಯೂವಲ್ ಷರತ್ತು ಓದಿ

ನಾನಿರುವುದು ನ್ಯೂಜೆರ್ಸಿಯಲ್ಲಿ. ಐದು ವರ್ಷದಿಂದ ಇಲ್ಲಿನ ಬ್ಯಾಂಕುಗಳಲ್ಲಿ ಸಿಡಿ, ಅಂದರೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಇಡುತ್ತಾ ಬಂದಿದ್ದೇನೆ. ನಮ್ಮೂರ ಎಫ್‌ಡಿ ಇದ್ದ ಹಾಗೇ. 2,50,000 ಡಾಲರ್‌ವರೆಗೆ ಎಫ್‌ಡಿಐಸಿ (ಇಲ್ಲಿನ ಸರ್ಕಾರದ ಠೇವಣಿ ವಿಮಾ ಸಂಸ್ಥೆ) ವಿಮೆ ಇರುವುದರಿಂದ ದುಡ್ಡು ಮುಳುಗುವ ಭಯ ಇಲ್ಲ, ಬಡ್ಡಿಯೂ ಹೇಳಿದ ಹಾಗೆ ಬರುತ್ತದೆ. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅವಧಿ ಮುಗಿದ ಮರುದಿನದ್ದು.

2023ರ ಆಗಸ್ಟ್ 9ಕ್ಕೆ ಒಂದು ಬ್ಯಾಂಕಿನಲ್ಲಿ 25,000 ಡಾಲರ್ ಇಟ್ಟೆ. ಶೇ. 5 ಬಡ್ಡಿ, 13 ತಿಂಗಳು. ಅದು ಆಫರ್ ಸಿಡಿ. 7, 11, 13 ತಿಂಗಳು ಅಂತ ವಿಚಿತ್ರ ಅವಧಿ ಕಂಡರೆ ಷರತ್ತಿನ ಪುಟ ತೆಗೆದು ನೋಡಿ. ನನ್ನದರಲ್ಲಿ ಹೀಗಿತ್ತು: ಅವಧಿ ಮುಗಿದಾಗ ನೀವೇನೂ ಹೇಳದಿದ್ದರೆ 12 ತಿಂಗಳ ಮಾಮೂಲಿ ಸಿಡಿಯಾಗಿ, ಅಂದಿನ ದರಕ್ಕೆ ತಾನಾಗಿಯೇ ರಿನ್ಯೂ ಆಗುತ್ತದೆ. ಆ ಮಾಮೂಲಿ ದರ ಎಷ್ಟು ಗೊತ್ತಾ? ಶೇ. 0.50.

ಮುಗಿಯುವ ದಿನ 2024ರ ಸೆಪ್ಟೆಂಬರ್ 9. ಗೌರಿ ಹಬ್ಬಕ್ಕೆ ಅಂತ ನಾವು ತುಮಕೂರಿಗೆ ಹೋಗಿದ್ದೆವು. ಬ್ಯಾಂಕ್ ತಿಳಿಸಲಿಲ್ಲ ಅಂತ ಹೇಳುವ ಹಾಗಿಲ್ಲ, ನೋಟಿಸ್ ಕಳಿಸಲೇಬೇಕು ಅಂತ ಇಲ್ಲಿ ಕಾನೂನೇ ಇದೆ. ಮುಗಿಯುವುದಕ್ಕೆ 30 ದಿನ ಮುಂಚೆ, ಇಲ್ಲವೇ ಕನಿಷ್ಠ 5 ದಿನದ ಗ್ರೇಸ್ ಪೀರಿಯಡ್ (ಅವಧಿ ಮುಗಿದ ಮೇಲೆ ಪೆನಾಲ್ಟಿ ಇಲ್ಲದೆ ದುಡ್ಡು ತೆಗೆಯಲು ಕೊಡುವ ದಿನಗಳು) ಕೊಟ್ಟಿದ್ದರೆ ಆ ಗ್ರೇಸ್ ಮುಗಿಯುವುದಕ್ಕೆ 20 ದಿನ ಮುಂಚೆ. ನಾನು ಕಾಗದದ ಪತ್ರ ಬೇಡ ಅಂದಿದ್ದೆ, ಹಾಗಾಗಿ ಅದು ಅಕೌಂಟಿನೊಳಗಿನ ಮೆಸೇಜ್‌ಗಳಲ್ಲಿ ಬಂದು ಕೂತಿತ್ತು. ಅದರಲ್ಲೂ ಹೊಸ ದರ ಇರಲಿಲ್ಲ, ಇನ್ನೂ ನಿಗದಿಯಾಗಿಲ್ಲ, ಈ ನಂಬರಿಗೆ ಫೋನ್ ಮಾಡಿ ಕೇಳಿ ಅಂತ ಇತ್ತು. ಅಷ್ಟು ಬರೆದರೆ ಅವರಿಗೆ ಸಾಕು.

ನಮ್ಮ ಗ್ರೇಸ್ 10 ದಿನ. ಶನಿವಾರ, ಭಾನುವಾರ ಎಲ್ಲ ಸೇರಿಸಿ. 19ಕ್ಕೆ ಮುಗಿಯಿತು, ನಾವು ವಾಪಸ್ ಬಂದಿದ್ದು 22ಕ್ಕೆ. ಫೋನ್ ಮಾಡಿದರೆ ಆ ಕಡೆಯವರು ತುಂಬ ಮರ್ಯಾದೆಯಿಂದಲೇ "ಈಗ ಮುರಿದರೆ 90 ದಿನದ ಬಡ್ಡಿ ಪೆನಾಲ್ಟಿ" ಅಂದರು. ಪೆನಾಲ್ಟಿ ಅನ್ನುವ ಮಾತಿಗೇ ಹೆದರಿ ಒಂದು ವಾರ ಸುಮ್ಮನಿದ್ದೆ.

ಆಮೇಲೆ ಯಜಮಾನರು ಲೆಕ್ಕ ಹಾಕಿ ತೋರಿಸಿದರು. ಪೆನಾಲ್ಟಿ ಹಳೆಯ 5ರ ಮೇಲಲ್ಲ, ಹೊಸ ಅರ್ಧ ಪರ್ಸೆಂಟ್ ಮೇಲೆ! 25,000ಕ್ಕೆ 90 ದಿನಕ್ಕೆ ಹೆಚ್ಚೂಕಮ್ಮಿ 31 ಡಾಲರ್. ವರ್ಷವಿಡೀ ಹಾಗೇ ಬಿಟ್ಟಿದ್ದರೆ ಸಿಗುತ್ತಿದ್ದುದು 125. ಬೇರೆ ಬ್ಯಾಂಕಿನಲ್ಲಿ ಆಗ ಶೇ. 4.2 ಸಿಗುತ್ತಿತ್ತು, ಅಂದರೆ 1,050. 30ನೇ ತಾರೀಕು ಮುರಿಸಿದೆವು. ಅಷ್ಟು ದಿನಕ್ಕೆ ಬಂದಿದ್ದ ಬಡ್ಡಿ 7 ಡಾಲರ್ ಚಿಲ್ಲರೆ, ಉಳಿದ 24 ಅಸಲಿನಿಂದಲೇ ಹೋಯಿತು. ಹೋದರೆ ಹೋಗಲಿ. ನಿಮಗೂ ಹೀಗಾಗಿದ್ದರೆ ದಯವಿಟ್ಟು ಲೆಕ್ಕ ಹಾಕದೆ ಬಿಡಬೇಡಿ. ಆದರೆ ಪೆನಾಲ್ಟಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ದೀರ್ಘ ಅವಧಿಗೆ ಜಾಸ್ತಿ, ಮತ್ತು ಗರಿಷ್ಠ ಇಷ್ಟೇ ಇರಬೇಕು ಅಂತ ಕೇಂದ್ರದ ಕಾನೂನಿನಲ್ಲಿ ಮಿತಿ ಇಲ್ಲ. ಕಟ್ಟಿದ ಪೆನಾಲ್ಟಿ, ಆ ವರ್ಷದ ಬಡ್ಡಿ ಲೆಕ್ಕ ಅಂತ ಬ್ಯಾಂಕ್ ಮುಂದಿನ ವರ್ಷದ ಶುರುವಿನಲ್ಲಿ ಕಳಿಸುವ 1099-ಐಎನ್‌ಟಿ ಫಾರಂನ 2ನೇ ಬಾಕ್ಸ್‌ನಲ್ಲಿ ಬರುತ್ತದೆ, ಅದನ್ನು ಟ್ಯಾಕ್ಸ್ ರಿಟರ್ನ್ಸ್‌ನಲ್ಲಿ ಕಳೆಯಬಹುದು. ನಾವು ಕಳೆದೆವು.

ಸಿಡಿ ಇಡುವುದನ್ನು ಬಿಟ್ಟಿಲ್ಲ. ಈಗ ತೆರೆದ ದಿನವೇ ಮೆಚ್ಯೂರಿಟಿ ಸೂಚನೆಗೆ ಹೋಗಿ "ರಿನ್ಯೂ" ತೆಗೆದು "ಸೇವಿಂಗ್ಸ್‌ಗೆ ಹಾಕಿ" ಅಂತ ಬದಲಾಯಿಸುತ್ತೇನೆ. ಎಲ್ಲ ಬ್ಯಾಂಕಿನಲ್ಲೂ ಇದನ್ನು ಆನ್‌ಲೈನ್‌ನಲ್ಲಿ ಮಾಡಲು ಬಿಡುವುದಿಲ್ಲ, ಬಿಡದ ಬ್ಯಾಂಕಿನಲ್ಲಿ ನಾನು ಇಡುವುದೇ ಇಲ್ಲ. ಬ್ರೋಕರ್ ಮೂಲಕ ಕೊಂಡ ಸಿಡಿಗೆ ಸಾಮಾನ್ಯವಾಗಿ ಈ ತಲೆನೋವಿಲ್ಲ, ಅವಧಿ ಮುಗಿದರೆ ದುಡ್ಡು ಅಕೌಂಟಿಗೆ ಬಂದು ಬೀಳುತ್ತದೆ. ಕಾಗದದ ಪತ್ರವನ್ನೂ ಮತ್ತೆ ಶುರು ಮಾಡಿಸಿದ್ದೇನೆ. ಬಂದ ತಕ್ಷಣ ಫ್ರಿಜ್ ಬಾಗಿಲಿಗೆ ಅಂಟಿಸುತ್ತೇವೆ, ಗ್ರೇಸ್ ಮುಗಿಯುವ ತಾರೀಕಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ.