ಪದಜೋಡಿ ನಿಘಂಟೋ, ಕನ್ನಡ–ಇಂಗ್ಲಿಷ್ ನಿಘಂಟೋ?

ಮಡಿಕೇರಿಯ ಸುತ್ತ ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಬರೆಯುವಾಗ ತಡವರಿಸುವುದು ಪದಗಳ ಕೊರತೆಯಿಂದಲ್ಲ, ಯಾವ ಪದದೊಡನೆ ಯಾವುದು ಹೊಂದುತ್ತದೆಂಬುದು ತಿಳಿಯದೆ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ನಮ್ಮ ಕಾಫಿಯೂ 'ಸ್ಟ್ರಾಂಗ್' ಆಗಬಹುದು, ಮುಂಜಾನೆಯ ಮಂಜು ಮಾತ್ರ 'ಥಿಕ್' ಅಥವಾ 'ಡೆನ್ಸ್'.

ಕನ್ನಡ–ಇಂಗ್ಲಿಷ್ ನಿಘಂಟು ಅರ್ಥವನ್ನು ಬೇಗ ತಿಳಿಸುತ್ತದೆ. ಆದರೆ 'ಮಾಡು' ಎಂದು ಹುಡುಕಿದವರಿಗೆ 'ಡೂ', 'ಮೇಕ್' ಎರಡೂ ಸಿಗುತ್ತವೆಯೇ ಹೊರತು, ತಪ್ಪಿಗೆ 'ಮೇಕ್', ಶಾಲೆಯ ಮನೆಗೆಲಸಕ್ಕೆ 'ಡೂ', ಊಟಕ್ಕೆ 'ಹ್ಯಾವ್' ಎಂಬ ವ್ಯತ್ಯಾಸ ಸಾಮಾನ್ಯವಾಗಿ ಸಿಗುವುದಿಲ್ಲ. ಬರವಣಿಗೆ ಎಡವುವುದು ಇಲ್ಲಿಯೇ.

ಯಾವ ಪದದೊಡನೆ ಯಾವುದು ಹೊಂದುತ್ತದೆಂದು ತೋರಿಸುವ ಪದಜೋಡಿ (ಕೊಲೊಕೇಶನ್) ನಿಘಂಟಿನ ಕ್ರಮವೇ ಬೇರೆ. 2002ರಲ್ಲಿ ಮೊದಲು ಪ್ರಕಟವಾದ ಆಕ್ಸ್‌ಫರ್ಡ್‌ನ ಇಂತಹ ನಿಘಂಟಿನಲ್ಲಿ ನಾಮಪದವೊಂದನ್ನು ತೆರೆದರೆ, ಅದಕ್ಕೆ ಹೊಂದುವ ವಿಶೇಷಣ, ಕ್ರಿಯಾಪದ ಮತ್ತು ಪ್ರಿಪೊಸಿಷನ್‌ಗಳು ಗುಂಪು ಗುಂಪಾಗಿ ದೊರೆಯುತ್ತವೆ. ಅರ್ಥವಿವರಣೆ ಕಡಿಮೆಯಿರುವುದರಿಂದ ಹೊಸಬರಿಗೆ ಇದು ಕಷ್ಟವೆಂಬುದನ್ನು ಒಪ್ಪಲೇಬೇಕು.

ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲ, ಆದರೆ ಬರೆಯಲು ಅಳುಕುವ ಪದವಿ ವಿದ್ಯಾರ್ಥಿಗೂ ಹೋಂಸ್ಟೇ ಮಾಲೀಕರಿಗೂ ನಾನು ಪದಜೋಡಿ ನಿಘಂಟನ್ನೇ ಸೂಚಿಸುತ್ತೇನೆ. ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ–ಇಂಗ್ಲಿಷ್ ನಿಘಂಟು ಸದ್ಯಕ್ಕೆ ಸಾಕು; ಅದರ ಜೊತೆಗೆ ಹೊಸ ನಾಮಪದವನ್ನು ಅದರ ಕ್ರಿಯಾಪದದೊಡನೆಯೇ ನೋಟ್‌ಪುಸ್ತಕದಲ್ಲಿ ಬರೆದಿಡಿಸಬೇಕು.